ಕಾಲೇಜು ಬೇಸ್‌ಬಾಲ್: ಕಿಸೆ ಬರಿದಾಗದೆ ಕೋಚ್ ಕಣ್ಣಿಗೆ ಬೀಳುವ ದಾರಿ

ಅಮೆರಿಕದಲ್ಲಿ ಹೈಸ್ಕೂಲು ಬೇಸ್‌ಬಾಲ್ ಆಡುವ ಹುಡುಗನಿಗೆ ಬೇಸಿಗೆ ರಜೆಯಲ್ಲ, ಅದು ಪರೀಕ್ಷೆಯ ಕಾಲ. ಊರಿಂದೂರಿಗೆ ಟೂರ್ನಿಗಳು, ಕಾಲೇಜು ಕೋಚ್‌ಗಳ ಮುಂದೆ ಪ್ರತಿಭೆ ತೋರಿಸುವ 'ಶೋಕೇಸ್' ಶಿಬಿರಗಳು, ವಿಶ್ವವಿದ್ಯಾಲಯಗಳೇ ನಡೆಸುವ ಕ್ಯಾಂಪ್‌ಗಳು ಒಂದರ ಹಿಂದೆ ಒಂದರಂತೆ ಬರುತ್ತವೆ. ಪ್ರತಿಯೊಂದಕ್ಕೂ ಪ್ರವೇಶ ಶುಲ್ಕವುಂಟು. ಅದರ ಮೇಲೆ ಪ್ರಯಾಣ, ಹೋಟೆಲ್, ಊಟದ ಖರ್ಚು ಸೇರುತ್ತದೆ. ಹೀಗೆ ಎರಡು ಮೂರು ಬೇಸಿಗೆ ಓಡಾಡಿದ ಕುಟುಂಬ ಕಳೆದುಕೊಳ್ಳುವುದು ಸಾವಿರಾರು ಡಾಲರ್.

ಇಷ್ಟೆಲ್ಲ ಖರ್ಚಿಗೆ ಮುಂದಾಗುವುದು ಕಾಲೇಜು ವಿದ್ಯಾರ್ಥಿವೇತನದ ಆಸೆಯಿಂದ. ಆದರೆ ಲೆಕ್ಕ ಹಾಕಿ ನೋಡಿದರೆ, ಅನೇಕ ಸಂದರ್ಭಗಳಲ್ಲಿ ಕೋಚ್ ಕಣ್ಣಿಗೆ ಬೀಳಲು ಮಾಡಿದ ವೆಚ್ಚವೇ ಕೈಗೆ ಬರುವ ವಿದ್ಯಾರ್ಥಿವೇತನವನ್ನು ಮೀರಿಸುವ ಅಪಾಯವಿದೆ. ಹಾಗಾದರೆ ಹಣವಿಲ್ಲದ ಮನೆಯ ಹುಡುಗನಿಗೆ ದಾರಿಯಿಲ್ಲವೇ? ಇದೆ. ಎಲ್ಲರ ಕಣ್ಣಿಗೂ ಬೀಳುವ ಹಂಬಲ ಬಿಟ್ಟು, ತನ್ನ ಮಟ್ಟಕ್ಕೆ ಹೊಂದುವ ಕೆಲವೇ ಕೋಚ್‌ಗಳ ಕಣ್ಣಿಗೆ ಬೀಳುವುದೇ ಆ ದಾರಿ. ಅದರ ಬಹುಪಾಲು ಕೆಲಸ ಮನೆಯಲ್ಲೇ ಕುಳಿತು ಮಾಡುವಂಥದ್ದು.

ಕರ್ನಾಟಕದ ಓದುಗರಿಗೆ ಇಲ್ಲಿ ಒಂದು ವ್ಯತ್ಯಾಸ ಗಮನಕ್ಕೆ ಬರಬೇಕು. ನಮ್ಮಲ್ಲಿ ಕ್ರಿಕೆಟ್ ಆಡುವ ಹುಡುಗನಿಗೆ ವಲಯ ತಂಡ, ವಯೋಮಿತಿ ತಂಡ, ರಾಜ್ಯ ತಂಡ ಎಂಬ ಏಣಿಯಿದೆ. ರಾಜ್ಯ ಕ್ರಿಕೆಟ್ ಸಂಸ್ಥೆಯ ಆಯ್ಕೆ ಸಮಿತಿಯಿದೆ. ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ಅಂಥ ಒಂದೇ ಏಣಿಯಿಲ್ಲ. ಪ್ರತಿ ಕಾಲೇಜಿನ ಕೋಚ್ ತನ್ನ ತಂಡವನ್ನು ತಾನೇ ಹುಡುಕಿಕೊಳ್ಳುತ್ತಾನೆ. ಆದ್ದರಿಂದ ಕಣ್ಣಿಗೆ ಬೀಳುವ ಹೊಣೆ ಆಟಗಾರನ ಮನೆಯವರ ಮೇಲೆಯೇ ಬೀಳುತ್ತದೆ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಟೆಕ್ಸಾಸ್‌ಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬದ ಮಗನೊಬ್ಬ ಕ್ರಿಕೆಟ್ ಬಿಟ್ಟು ಬೇಸ್‌ಬಾಲ್ ಕೈಗವಸು ತೊಟ್ಟರೆ, ಆ ತಂದೆತಾಯಿಗೆ ಈ ವ್ಯವಸ್ಥೆ ಸಂಪೂರ್ಣ ಹೊಸದು.

ಯಾರ ಬಳಿ ಎಷ್ಟು ಹಣ?

ಅಮೆರಿಕದ ಕಾಲೇಜು ಕ್ರೀಡೆಯ ಪ್ರಮುಖ ನಿಯಂತ್ರಣ ಸಂಸ್ಥೆ ಎನ್‌ಸಿಎಎ. ಇದರಡಿ ಮೂರು ಡಿವಿಷನ್‌ಗಳಿವೆ. ಇದಲ್ಲದೆ ಚಿಕ್ಕ ಕಾಲೇಜುಗಳ ಎನ್‌ಎಐಎ, ಎರಡು ವರ್ಷದ ಕಾಲೇಜುಗಳ ಎನ್‌ಜೆಸಿಎಎ ಎಂಬ ಪ್ರತ್ಯೇಕ ಸಂಸ್ಥೆಗಳಿವೆ.

ದೂರದರ್ಶನದಲ್ಲಿ ಕಾಣುವ ದೊಡ್ಡ ವಿಶ್ವವಿದ್ಯಾಲಯಗಳೆಲ್ಲ ಡಿವಿಷನ್ 1ಕ್ಕೆ ಸೇರಿದವು. ಇಲ್ಲಿ ಬೇಸ್‌ಬಾಲ್ ಆಡಿಸುವ ಕಾಲೇಜುಗಳು ಸುಮಾರು 300. ಹಲವು ವರ್ಷಗಳ ಕಾಲ ಇಲ್ಲಿನ ಒಂದು ತಂಡಕ್ಕೆ ಇದ್ದದ್ದು 11.7 ಪೂರ್ಣ ವಿದ್ಯಾರ್ಥಿವೇತನಗಳ ಮಿತಿ. ಅದನ್ನು 27 ಆಟಗಾರರವರೆಗೆ ಹಂಚುವ ರೂಢಿಯಿತ್ತು. ಅಂದರೆ ತಲಾ ಸರಾಸರಿ ಅರ್ಧಕ್ಕಿಂತ ಕಡಿಮೆ. ಪೂರ್ಣ ವಿದ್ಯಾರ್ಥಿವೇತನ ಪಡೆದ ಬೇಸ್‌ಬಾಲ್ ಆಟಗಾರ ಅಪರೂಪ.

2025ರ ಜೂನ್ 6ರಂದು ನ್ಯಾಯಾಲಯ ಒಪ್ಪಿಗೆ ನೀಡಿದ 'ಹೌಸ್' ಪ್ರಕರಣದ ಇತ್ಯರ್ಥದಿಂದ ಈ ಚಿತ್ರ ಬದಲಾಯಿತು. 2025-26ರಿಂದ, ಆ ಒಪ್ಪಂದಕ್ಕೆ ಒಳಪಟ್ಟ ಕಾಲೇಜುಗಳಿಗೆ ವಿದ್ಯಾರ್ಥಿವೇತನದ ಮಿತಿ ಇಲ್ಲವಾಗಿ, ತಂಡದಲ್ಲಿ 34 ಆಟಗಾರರು ಮಾತ್ರ ಇರಬಹುದೆಂಬ ಮಿತಿ ಬಂದಿತು. ಬಯಸಿದರೆ 34 ಮಂದಿಗೂ ಪೂರ್ಣ ವಿದ್ಯಾರ್ಥಿವೇತನ ಕೊಡಬಹುದು. ಆದರೆ ಕೊಡಲೇಬೇಕೆಂಬ ನಿಯಮವಿಲ್ಲ. ಬೇಸ್‌ಬಾಲ್‌ಗೆ ಅಷ್ಟು ಹಣ ಸುರಿಯುವ ಶಕ್ತಿ ಎಲ್ಲ ಕಾಲೇಜುಗಳಿಗೂ ಇಲ್ಲ.

ಡಿವಿಷನ್ 2ರಲ್ಲಿ ತಂಡವೊಂದಕ್ಕೆ 9 ವಿದ್ಯಾರ್ಥಿವೇತನಗಳ ಮಿತಿ, ಎನ್‌ಎಐಎಯಲ್ಲಿ 12, ಎನ್‌ಜೆಸಿಎಎಯ ಮೊದಲ ಡಿವಿಷನ್‌ನಲ್ಲಿ 24. ಡಿವಿಷನ್ 3ರ ಕಾಲೇಜುಗಳು ಕ್ರೀಡೆಯ ಹೆಸರಿನಲ್ಲಿ ಒಂದು ಡಾಲರನ್ನೂ ಕೊಡುವಂತಿಲ್ಲ. ಹಾರ್ವರ್ಡ್, ಯೇಲ್ ಮುಂತಾದ ಐವಿ ಲೀಗ್ ವಿಶ್ವವಿದ್ಯಾಲಯಗಳು ಡಿವಿಷನ್ 1ರಲ್ಲಿದ್ದರೂ ಕ್ರೀಡಾ ವಿದ್ಯಾರ್ಥಿವೇತನ ನೀಡುವುದಿಲ್ಲ.

ಪೈಪೋಟಿ ಬಿಗಿಯಾದದ್ದೇಕೆ?

ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು ವೃತ್ತಿಪರ ಬೇಸ್‌ಬಾಲ್ ತಂಡಗಳು ಹೊಸ ಆಟಗಾರರನ್ನು ಆರಿಸುವ ವಾರ್ಷಿಕ 'ಡ್ರಾಫ್ಟ್'. 2019ರವರೆಗೆ 40 ಸುತ್ತುಗಳಿದ್ದ ಡ್ರಾಫ್ಟ್ ಕೋವಿಡ್ ವರ್ಷವಾದ 2020ರಲ್ಲಿ ಐದೇ ಸುತ್ತಿಗೆ ಇಳಿಯಿತು. 2021ರಿಂದ 20 ಸುತ್ತುಗಳಿಗೆ ನಿಂತಿದೆ. ಹಿಂದೆ ಕೆಳ ಸುತ್ತುಗಳಲ್ಲಿ ವೃತ್ತಿಪರ ತಂಡ ಸೇರುತ್ತಿದ್ದ ಆಟಗಾರರು ಈಗ ಕಾಲೇಜುಗಳಲ್ಲೇ ಉಳಿಯುತ್ತಿದ್ದಾರೆ.

ಎರಡನೆಯದು 2018ರಲ್ಲಿ ಆರಂಭವಾದ 'ಟ್ರಾನ್ಸ್‌ಫರ್ ಪೋರ್ಟಲ್'. ಒಂದು ಕಾಲೇಜಿನಿಂದ ಮತ್ತೊಂದಕ್ಕೆ ಹೋಗಬಯಸುವ ಆಟಗಾರರ ಹೆಸರು ಇದರಲ್ಲಿ ದಾಖಲಾಗುತ್ತದೆ. ನಂತರದ ವರ್ಷಗಳಲ್ಲಿ ವರ್ಗಾವಣೆಯ ನಿಯಮಗಳೂ ಸಡಿಲಗೊಂಡವು. ಹೈಸ್ಕೂಲಿನ 17ರ ಹುಡುಗನಿಗಿಂತ ಕಾಲೇಜಿನಲ್ಲಿ ಎರಡು ವರ್ಷ ಆಡಿ ಪಳಗಿದ 21ರ ಯುವಕನೇ ಮೇಲೆಂದು ಕೋಚ್‌ಗೆ ಅನ್ನಿಸಿದರೆ ಅಚ್ಚರಿಯಿಲ್ಲ. ಮೂರನೆಯದು, ಮೇಲೆ ಹೇಳಿದ 34ರ ಮಿತಿ. ಅದಕ್ಕಿಂತ ದೊಡ್ಡ ತಂಡಗಳನ್ನು ಇಟ್ಟುಕೊಂಡಿದ್ದ ಕಾಲೇಜುಗಳಲ್ಲಿ ಜಾಗಗಳೇ ಕಡಿಮೆಯಾದವು.

ಇದರ ಅರ್ಥ ಸ್ಪಷ್ಟ. ಡಿವಿಷನ್ 1ರ ಬಾಗಿಲನ್ನಷ್ಟೇ ಬಡಿಯುತ್ತ ಹಣ ಕಳೆಯುವ ಕುಟುಂಬ, ತೆರೆದಿರುವ ಇತರ ಬಾಗಿಲುಗಳನ್ನು ಕಾಣದೆ ಹೋಗುತ್ತದೆ.

ಕೋಚ್ ನೋಡುವುದು ಏನನ್ನು?

ಬೇಸ್‌ಬಾಲ್ ಅಳತೆಗಳ ಆಟ. ಕೋಚ್ ಒಬ್ಬ ಹುಡುಗನ ವಿಡಿಯೊ ತೆರೆಯುವ ಮುನ್ನ ಕೆಲವು ಸಂಖ್ಯೆಗಳ ಮೇಲೆ ಕಣ್ಣಾಡಿಸುತ್ತಾನೆ. ಚೆಂಡೆಸೆಯುವ ಪಿಚರ್ ಆದರೆ ಎಸೆತದ ವೇಗ. ಬ್ಯಾಟರ್ ಆದರೆ ಬ್ಯಾಟಿಗೆ ತಾಗಿದ ಚೆಂಡು ಹೊರಡುವ ವೇಗ. ಮೈದಾನದ ಆಟಗಾರನಾದರೆ 60 ಗಜಗಳ, ಅಂದರೆ ಸುಮಾರು 55 ಮೀಟರ್ ಓಟಕ್ಕೆ ಹಿಡಿಯುವ ಸಮಯ. ಬ್ಯಾಟರ್ ಹಿಂದೆ ಕುಳಿತುಕೊಳ್ಳುವ ಕ್ಯಾಚರ್ ಆದರೆ, ಚೆಂಡು ಅವನ ಕೈಗವಸಿಗೆ ಬಿದ್ದ ಕ್ಷಣದಿಂದ ಎರಡನೇ ಬೇಸ್‌ನಲ್ಲಿರುವವನ ಕೈ ಸೇರುವವರೆಗಿನ ಸಮಯ. ಇದಕ್ಕೆ 'ಪಾಪ್ ಟೈಮ್' ಎಂದು ಹೆಸರು.

ಸ್ಥೂಲವಾಗಿ ಹೇಳುವುದಾದರೆ, ಡಿವಿಷನ್ 1ರ ಕೋಚ್‌ಗಳು ಬಲಗೈ ಪಿಚರ್‌ನಲ್ಲಿ ಗಂಟೆಗೆ 140 ಕಿ.ಮೀ. ಆಸುಪಾಸಿನ ಅಥವಾ ಅದಕ್ಕೂ ಮೀರಿದ ವೇಗವನ್ನು ನಿರೀಕ್ಷಿಸುತ್ತಾರೆ. 60 ಗಜದ ಓಟ ಏಳು ಸೆಕೆಂಡಿನೊಳಗೆ ಮುಗಿಯಬೇಕು. ಪಾಪ್ ಟೈಮ್ ಎರಡು ಸೆಕೆಂಡಿನ ಸುತ್ತಮುತ್ತ ಇರಬೇಕು. ಇತರ ಡಿವಿಷನ್‌ಗಳಲ್ಲಿ ಈ ನಿರೀಕ್ಷೆ ಒಂದಿಷ್ಟು ಸಡಿಲ.

ಈ ಅಳತೆಗಳಿಗಾಗಿ ಶೋಕೇಸ್‌ಗೆ ಹೋಗಲೇಬೇಕೆಂದಿಲ್ಲ. ಓಟ ಮತ್ತು ಪಾಪ್ ಟೈಮ್‌ಗೆ ಮೊಬೈಲಿನ ಸ್ಟಾಪ್‌ವಾಚ್ ಸಾಕು. ವೇಗ ಅಳೆಯುವ ರೇಡಾರ್ ಗನ್ ಅನೇಕ ಹೈಸ್ಕೂಲು ಕೋಚ್‌ಗಳ ಬಳಿ ಇರುತ್ತದೆ. ಅಳೆಯುವುದು ನೋಡುಗರಿಗೆ ಕಾಣುವಂತೆ ವಿಡಿಯೊದಲ್ಲೇ ಸೆರೆಯಾದರೆ ಇನ್ನೂ ಒಳ್ಳೆಯದು. ಆದರೆ ಸಂಖ್ಯೆಯನ್ನು ಹಿಗ್ಗಿಸಿ ಹೇಳುವುದು ಅತ್ಯಂತ ದುಬಾರಿ ತಪ್ಪು. ಮೈದಾನದಲ್ಲಿ ಒಮ್ಮೆ ಅಳತೆ ತಪ್ಪೆಂದು ತಿಳಿದರೆ ಕೋಚ್ ಆ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತಾನೆ.

ಪ್ರಾಮಾಣಿಕ ಅಳತೆಯಿಂದ ಮತ್ತೊಂದು ಲಾಭವಿದೆ. ಹುಡುಗ ಯಾವ ಮಟ್ಟದ ಕಾಲೇಜಿಗೆ ಹೊಂದುತ್ತಾನೆಂಬುದು ಮನೆಯವರಿಗೇ ಗೊತ್ತಾಗುತ್ತದೆ. ಆಸೆಪಟ್ಟ ಕಾಲೇಜಿನ ಈಗಿನ ಆಟಗಾರರ ಎತ್ತರ, ತೂಕ, ಊರು, ಯಾವ ಸ್ಥಾನದಲ್ಲಿ ಎಷ್ಟು ಮಂದಿ ಇದ್ದಾರೆ ಎಂಬ ವಿವರ ಆ ತಂಡದ ಅಂತರ್ಜಾಲ ತಾಣದಲ್ಲೇ ಉಚಿತವಾಗಿ ಸಿಗುತ್ತದೆ.

ಮೊಬೈಲಿನಲ್ಲೇ ವಿಡಿಯೊ

ಹಿಂದೆ ವಿಡಿಯೊ ಮಾಡಿಸಲು ವೃತ್ತಿಪರರನ್ನು ಹಿಡಿಯಬೇಕಿತ್ತು. ಈಗ ಮೊಬೈಲ್ ಸಾಕು. ಎರಡು ಮೂರು ನಿಮಿಷ ಮೀರದ ವಿಡಿಯೊ ಲೇಸು. ಹಿನ್ನೆಲೆ ಸಂಗೀತ, ಅಬ್ಬರದ ಅಕ್ಷರಗಳು ಬೇಕಿಲ್ಲ. ಮೊದಲ ಚೌಕಟ್ಟಿನಲ್ಲೇ ಹೆಸರು, ಶಾಲೆ, ಹೈಸ್ಕೂಲು ಮುಗಿಸುವ ವರ್ಷ, ಆಡುವ ಸ್ಥಾನ, ಎತ್ತರ, ತೂಕ, ಸಂಪರ್ಕ ವಿವರ ಇರಬೇಕು.

ಬ್ಯಾಟಿಂಗನ್ನು ಪಕ್ಕದಿಂದಲೂ ಹಿಂದಿನಿಂದಲೂ ಚಿತ್ರೀಕರಿಸಬೇಕು. ಪಿಚರ್ ಆದರೆ ಕ್ಯಾಚರ್ ಹಿಂದಿನ ಕೋನ ಮುಖ್ಯ, ಚೆಂಡಿನ ತಿರುವು ಅಲ್ಲಿಂದಲೇ ಕಾಣುವುದು. ಮೈದಾನದ ಆಟಗಾರ ನೆಲದ ಚೆಂಡನ್ನು ಎತ್ತಿ ಎಸೆಯುವವರೆಗಿನ ಪೂರ್ತಿ ಕ್ರಿಯೆ ಒಂದೇ ಚೌಕಟ್ಟಿನಲ್ಲಿ ಸಿಗಬೇಕು. ಅಭ್ಯಾಸದ ದೃಶ್ಯಗಳ ಜೊತೆಗೆ ಪಂದ್ಯದ ದೃಶ್ಯಗಳೂ ಇರಲಿ. ಅತ್ಯುತ್ತಮ ಹೊಡೆತವನ್ನು ಕೊನೆಗೆ ಉಳಿಸಿಕೊಳ್ಳುವುದು ಸಲ್ಲದು. ಕೋಚ್ ಕೊನೆಯವರೆಗೆ ನೋಡುತ್ತಾನೆಂಬ ಭರವಸೆಯಿಲ್ಲ.

ಪತ್ರ ಬರೆಯುವವನು ಮಗನೇ ಆಗಿರಲಿ

ವಿಡಿಯೊ ಸಿದ್ಧವಾದ ಮೇಲಿನ ಕೆಲಸ ಇಮೇಲ್. ಕಾಲೇಜು ತಂಡದ ಮುಖ್ಯ ಕೋಚ್, ಸಹಾಯಕ ಕೋಚ್‌ಗಳ ಇಮೇಲ್ ವಿಳಾಸಗಳು ಆಯಾ ಕಾಲೇಜಿನ ಕ್ರೀಡಾ ತಾಣದಲ್ಲಿರುತ್ತವೆ. ಹೊಸ ಆಟಗಾರರನ್ನು ಹುಡುಕುವ ಹೊಣೆ ಹೊತ್ತ ಸಹಾಯಕ ಕೋಚ್ ಯಾರೆಂಬುದನ್ನು ನೋಡಿ ಅವರಿಗೇ ಬರೆಯುವುದು ಉತ್ತಮ. ಅದೇ ತಾಣದಲ್ಲಿ ಹೊಸ ಆಟಗಾರರಿಗಾಗಿ ಮಾಹಿತಿ ನಮೂನೆಯೊಂದಿರುತ್ತದೆ. ಅದನ್ನು ತುಂಬಲು ಶುಲ್ಕವಿಲ್ಲ.

ಪತ್ರ ಚಿಕ್ಕದಿರಲಿ. ಈ ಕಾಲೇಜೇ ಏಕೆ ಎಂಬ ಒಂದೆರಡು ವಾಕ್ಯ, ಅಳತೆಗಳು, ಪರೀಕ್ಷೆಯ ಸರಾಸರಿ ಅಂಕ, ವಿಡಿಯೊ ಕೊಂಡಿ, ಮುಂದಿನ ಪಂದ್ಯಗಳ ದಿನ ಮತ್ತು ಸ್ಥಳ, ಹೈಸ್ಕೂಲು ಕೋಚ್‌ನ ದೂರವಾಣಿ ಸಂಖ್ಯೆ ಇಷ್ಟಿದ್ದರೆ ಸಾಕು. ಒಂದೇ ಪತ್ರವನ್ನು ನೂರು ಕಾಲೇಜುಗಳಿಗೆ ಹಂಚುವುದಕ್ಕಿಂತ, ಹೊಂದುವ ಮೂವತ್ತು ನಲವತ್ತು ಕಾಲೇಜುಗಳನ್ನು ಆರಿಸಿ ಪ್ರತ್ಯೇಕವಾಗಿ ಬರೆಯುವುದು ಫಲಕಾರಿ. ಅಳತೆಗಳು ಸುಧಾರಿಸಿದಾಗ ಮತ್ತೆ ಬರೆಯಬೇಕು.

ಮಗನ ಪರವಾಗಿ ತಂದೆ ಪತ್ರ ಬರೆಯುವುದು ನಮ್ಮವರಲ್ಲಿ ಸಹಜ. ಆದರೆ ಅಲ್ಲಿನ ಕೋಚ್‌ಗಳು ಆಟಗಾರನ ಸ್ವಂತ ಪತ್ರವನ್ನೇ ಬಯಸುತ್ತಾರೆ. ಹಣದ ಮಾತು ಬಂದಾಗ ತಂದೆತಾಯಿ ಮುಂದೆ ಬಂದರೆ ಸಾಕು.

ಉತ್ತರ ಬರಲಿಲ್ಲವೆಂದು ಎದೆಗುಂದುವ ಮುನ್ನ ನಿಯಮ ತಿಳಿದಿರಬೇಕು. 2023ರಲ್ಲಿ ಬಂದ ಬದಲಾವಣೆಯಂತೆ, ಹುಡುಗ 11ನೇ ತರಗತಿಗೆ ಕಾಲಿಡುವ ವರ್ಷದ ಆಗಸ್ಟ್ 1ಕ್ಕೆ ಮುನ್ನ ಡಿವಿಷನ್ 1ರ ಬೇಸ್‌ಬಾಲ್ ಕೋಚ್‌ಗಳು ಆತನೊಂದಿಗೆ ಆಯ್ಕೆಯ ಕುರಿತು ವ್ಯವಹರಿಸುವಂತಿಲ್ಲ. ಆಟಗಾರ ಮಾತ್ರ ಯಾವಾಗ ಬೇಕಾದರೂ ಬರೆಯಬಹುದು. ಎನ್‌ಎಐಎ ಹಾಗೂ ಎರಡು ವರ್ಷದ ಕಾಲೇಜುಗಳಲ್ಲಿ ಇಷ್ಟು ಬಿಗಿಯಾದ ನಿರ್ಬಂಧಗಳಿಲ್ಲ.

ಇಂಥದೇ ಕೆಲಸವನ್ನು ಮಾಡಿಕೊಡುವುದಾಗಿ ಹೇಳಿ ನೂರಾರು, ಕೆಲವೊಮ್ಮೆ ಸಾವಿರಾರು ಡಾಲರ್ ಪಡೆಯುವ ಮಧ್ಯವರ್ತಿ ಕಂಪನಿಗಳೂ ಇವೆ. ವಾರಕ್ಕೆ ಎರಡು ಗಂಟೆ ಮೀಸಲಿಟ್ಟರೆ ಇದರ ಬಹುಪಾಲನ್ನು ಹುಡುಗ ತಾನೇ ಮಾಡಿಕೊಳ್ಳಬಲ್ಲ.

ಎಲ್ಲಿ ಖರ್ಚು ಮಾಡಬೇಕು?

ಶೋಕೇಸ್‌ಗಳೆಲ್ಲ ವ್ಯರ್ಥವೆಂದಲ್ಲ. 1990ರ ದಶಕದಲ್ಲಿ ಐಯೋವಾದಲ್ಲಿ ಆರಂಭವಾದ ಪರ್ಫೆಕ್ಟ್ ಗೇಮ್‌ನಂಥ ಸಂಸ್ಥೆಗಳ ಶೋಕೇಸ್‌ಗಳಿಗೆ ನೂರಾರು ಹುಡುಗರು ಬರುತ್ತಾರೆ, ಕೋಚ್‌ಗಳೂ ಬರುತ್ತಾರೆ. ಆದರೆ ಅಂಥ ಜಾತ್ರೆಯಲ್ಲಿ ಕೋಚ್ ಹುಡುಕುವುದು ಬಹುತೇಕ ತನ್ನ ಪಟ್ಟಿಯಲ್ಲಿ ಮೊದಲೇ ಇರುವ ಹೆಸರುಗಳನ್ನು. ಪಟ್ಟಿಯಲ್ಲಿ ಹೆಸರಿಲ್ಲದೆ ಹೋದವನು ಗುಂಪಿನಲ್ಲಿ ಗೋವಿಂದ.

ಆದ್ದರಿಂದ ಕ್ರಮ ಮುಖ್ಯ. ಮೊದಲು ಪತ್ರ, ವಿಡಿಯೊ. ಕೋಚ್ ಆಸಕ್ತಿ ತೋರಿದ ಮೇಲೆ, ಅವರು ಬರುವ ಒಂದು ಶೋಕೇಸ್ ಅಥವಾ ಅವರ ಕಾಲೇಜಿನ ಕ್ಯಾಂಪ್‌ಗೆ ಹಣ ಹಾಕುವುದು. ಒಂದೇ ದಿನ ಹಲವು ಕಾಲೇಜುಗಳ ಕೋಚ್‌ಗಳು ಒಟ್ಟಿಗೆ ಕೆಲಸ ಮಾಡುವ ಕ್ಯಾಂಪ್ ಮನೆಗೆ ಹತ್ತಿರದಲ್ಲಿದ್ದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಲಾಭ.

ಕಾಲೇಜಿನಿಂದ ಬರುವ ಕ್ಯಾಂಪ್ ಆಹ್ವಾನದ ಬಗ್ಗೆಯೂ ಎಚ್ಚರ ಅಗತ್ಯ. ಕ್ಯಾಂಪ್‌ಗಳು ಎಲ್ಲರಿಗೂ ತೆರೆದಿರುತ್ತವೆ, ಅವು ಕೋಚ್‌ಗಳಿಗೆ ಆದಾಯದ ಮೂಲವೂ ಹೌದು. ಸಾವಿರಾರು ಮಂದಿಗೆ ಏಕಕಾಲಕ್ಕೆ ಹೋಗುವ ಆಹ್ವಾನಪತ್ರವನ್ನು ಆಯ್ಕೆಯ ಸೂಚನೆಯೆಂದು ಭಾವಿಸಿ ವಿಮಾನ ಟಿಕೆಟ್ ಕೊಂಡ ಕುಟುಂಬಕ್ಕೆ ನಿರಾಸೆಯೇ ಗತಿ. ಹಣ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಬೇಕು. ನನ್ನ ವಿಡಿಯೊ ನೋಡಿದ್ದೀರಾ? ನನ್ನ ವರ್ಷದಲ್ಲಿ ನನ್ನ ಸ್ಥಾನಕ್ಕೆ ಎಷ್ಟು ಮಂದಿ ಬೇಕು? ಕ್ಯಾಂಪ್ ನಂತರ ನನ್ನ ಆಟದ ಬಗ್ಗೆ ಅಭಿಪ್ರಾಯ ತಿಳಿಸುವಿರಾ? ನೇರ ಉತ್ತರ ಬಾರದಿದ್ದರೆ ಹಣ ಉಳಿಸಿಕೊಳ್ಳುವುದೇ ಜಾಣತನ.

ಅಗ್ಗದ ಮೈದಾನಗಳು

ಬೇಸಿಗೆಯಲ್ಲಿ ಪಂದ್ಯಗಳಿಲ್ಲದೆ ಆಟ ಬೆಳೆಯದು. ದುಬಾರಿ ಪ್ರವಾಸಿ ತಂಡಗಳಿಗೆ ಪರ್ಯಾಯಗಳಿವೆ. 1925ರಲ್ಲಿ ದಕ್ಷಿಣ ಡಕೋಟಾದ ಮಿಲ್‌ಬ್ಯಾಂಕ್‌ನಲ್ಲಿ ಹುಟ್ಟಿದ ಅಮೆರಿಕನ್ ಲೀಜನ್ ಬೇಸ್‌ಬಾಲ್, ಮಾಜಿ ಸೈನಿಕರ ಸಂಘಟನೆಯ ಸ್ಥಳೀಯ ಶಾಖೆಗಳು ನಡೆಸುವ ತಂಡಗಳ ಜಾಲ. 1989ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಾಜಿ ಆಟಗಾರ ಜಾನ್ ಯಂಗ್ ಆರಂಭಿಸಿದ ಆರ್‌ಬಿಐ ಕಾರ್ಯಕ್ರಮ, ನಗರಗಳ ಬಡ ಬಡಾವಣೆಗಳ ಮಕ್ಕಳಿಗೆ ಆಟದ ಅವಕಾಶ ಕೊಡುತ್ತಿದೆ. ಮೇಜರ್ ಲೀಗ್ ಬೇಸ್‌ಬಾಲ್ 2006ರಲ್ಲಿ ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನಲ್ಲಿ ತೆರೆದ ಯುವ ಅಕಾಡೆಮಿಯಲ್ಲಿ ತರಬೇತಿ ಉಚಿತ.

ಹಣದ ಗೋಡೆ ಎಷ್ಟು ಎತ್ತರದ್ದೆಂಬುದನ್ನು 2013ರ ನ್ಯಾಷನಲ್ ಲೀಗ್‌ನ ಅತ್ಯಮೂಲ್ಯ ಆಟಗಾರ ಆಂಡ್ರೂ ಮೆಕಚನ್ 2015ರಲ್ಲಿ ಬರೆದ ಲೇಖನವೊಂದರಲ್ಲಿ ವಿವರಿಸಿದ್ದರು. ಫ್ಲೋರಿಡಾದ ಫೋರ್ಟ್ ಮೀಡ್ ಎಂಬ ಪುಟ್ಟ ಊರಿನ ಅವರ ಮನೆಗೆ ಪ್ರವಾಸಿ ತಂಡದ ಖರ್ಚು ಭರಿಸುವ ಶಕ್ತಿಯಿರಲಿಲ್ಲ. ಕೋಚ್ ಒಬ್ಬರು ಕೈಹಿಡಿದದ್ದರಿಂದ ಆಟ ಮುಂದುವರಿಯಿತು. ಶುಲ್ಕ ಕಟ್ಟಲಾಗದವರು ಬಾಯಿಬಿಟ್ಟು ಕೇಳುವುದರಲ್ಲಿ ತಪ್ಪಿಲ್ಲ ಎಂಬುದಕ್ಕೆ ಇದೇ ನಿದರ್ಶನ. ಕ್ಲಬ್‌ಗಳಲ್ಲಿ ಶುಲ್ಕ ವಿನಾಯಿತಿಯೂ, ಮೈದಾನದ ಕೆಲಸ ಮಾಡಿ ಶುಲ್ಕ ತೀರಿಸುವ ಅವಕಾಶವೂ ಇರಬಹುದು, ವಿಚಾರಿಸಬೇಕಷ್ಟೆ.

ಎರಡು ವರ್ಷದ ಕಾಲೇಜು: ಕೀಳಲ್ಲ, ಮೆಟ್ಟಿಲು

'ಜೂನಿಯರ್ ಕಾಲೇಜು' ಎಂದಾಕ್ಷಣ ನಮ್ಮ ಪದವಿಪೂರ್ವ ಕಾಲೇಜು ನೆನಪಾಗಬಹುದು. ಅಮೆರಿಕದಲ್ಲಿ ಅದು ಹೈಸ್ಕೂಲಿನ ನಂತರದ, ಪದವಿಯ ಮೊದಲ ಎರಡು ವರ್ಷಗಳ ಕಾಲೇಜು. ಶುಲ್ಕ ಕಡಿಮೆ, ಮನೆಯಿಂದಲೇ ಹೋಗಿಬರಬಹುದು. ಎರಡು ವರ್ಷ ಆಡಿ, ಮೈ ತುಂಬಿಕೊಂಡು ನಾಲ್ಕು ವರ್ಷದ ಕಾಲೇಜಿಗೆ ವರ್ಗವಾಗಬಹುದು. ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜುಗಳು ಕ್ರೀಡಾ ವಿದ್ಯಾರ್ಥಿವೇತನ ಕೊಡುವುದಿಲ್ಲವಾದರೂ, ಆ ರಾಜ್ಯದ ನಿವಾಸಿಗಳಿಗೆ ಬೋಧನಾ ಶುಲ್ಕ ಯೂನಿಟ್ ಒಂದಕ್ಕೆ 46 ಡಾಲರ್ ಮಾತ್ರ.

ಈ ದಾರಿಯ ದೊಡ್ಡ ಹೆಸರು ಆಲ್ಬರ್ಟ್ ಪೂಹೋಲ್ಸ್. ಡೊಮಿನಿಕನ್ ಗಣರಾಜ್ಯದಿಂದ ಬಂದು ಮಿಸೌರಿಯಲ್ಲಿ ಹೈಸ್ಕೂಲು ಓದಿದ ಅವರು, ಕಾನ್ಸಾಸ್ ಸಿಟಿಯ ಮೇಪಲ್ ವುಡ್ಸ್ ಸಮುದಾಯ ಕಾಲೇಜಿಗೆ ಆಡಿದರು. 1999ರ ಡ್ರಾಫ್ಟ್‌ನಲ್ಲಿ ಅವರ ಹೆಸರು ಬಂದದ್ದು 13ನೇ ಸುತ್ತಿನಲ್ಲಿ, 402ನೆಯವರಾಗಿ. 2022ರಲ್ಲಿ ನಿವೃತ್ತರಾಗುವಾಗ ಅವರ ಖಾತೆಯಲ್ಲಿ 703 ಹೋಮ್ ರನ್‌ಗಳಿದ್ದವು.

ಅಂಕಪಟ್ಟಿಯೇ ದೊಡ್ಡ ಚೆಕ್ಕು

ಕಡಿಮೆ ಬಜೆಟ್ಟಿನ ಮನೆಗೆ ಎಲ್ಲಕ್ಕಿಂತ ಹೆಚ್ಚು ಹಣ ತರುವುದು ಬ್ಯಾಟಲ್ಲ, ಓದು. ಡಿವಿಷನ್ 1 ಮತ್ತು 2ರಲ್ಲಿ ಆಡಲು ಎನ್‌ಸಿಎಎ ಅರ್ಹತಾ ಕೇಂದ್ರದ ಒಪ್ಪಿಗೆ ಬೇಕು. ಹೈಸ್ಕೂಲಿನಲ್ಲಿ 16 ಮುಖ್ಯ ವಿಷಯಗಳ ತರಗತಿ ಮುಗಿಸಿ, 4ರಲ್ಲಿ ಕನಿಷ್ಠ 2.3 ಸರಾಸರಿ ಗಳಿಸುವುದು ಡಿವಿಷನ್ 1ರ ನಿಯಮ. ಡಿವಿಷನ್ 2ಕ್ಕೆ 2.2 ಸಾಕು. ಪ್ರವೇಶ ಪರೀಕ್ಷೆಯ ಅಂಕ ಕಡ್ಡಾಯವೆಂಬ ನಿಯಮವನ್ನು 2023ರಲ್ಲಿ ಕೈಬಿಡಲಾಯಿತು. ನೋಂದಣಿ ಶುಲ್ಕದಲ್ಲಿ ಬಡ ಕುಟುಂಬಗಳಿಗೆ ವಿನಾಯಿತಿಯುಂಟು.

ಇದು ಕನಿಷ್ಠ ಮಟ್ಟ ಮಾತ್ರ. ಒಳ್ಳೆಯ ಅಂಕಗಳಿಗೆ ಕಾಲೇಜುಗಳು ಕೊಡುವ ಶೈಕ್ಷಣಿಕ ವಿದ್ಯಾರ್ಥಿವೇತನ, ಕ್ರೀಡಾ ವಿದ್ಯಾರ್ಥಿವೇತನಕ್ಕಿಂತ ದೊಡ್ಡದಿರುವುದುಂಟು. ಆಟ ಕೈಕೊಟ್ಟರೂ, ಗಾಯವಾದರೂ ಅದು ಉಳಿಯುತ್ತದೆ. ಡಿವಿಷನ್ 3ರ ಕಾಲೇಜುಗಳು ಆಟಗಾರರನ್ನು ಸೆಳೆಯುವುದೂ ಈ ಬಗೆಯ ನೆರವಿನಿಂದಲೇ. ಅಲ್ಲಿ ಆಡಿದರೆ ಭವಿಷ್ಯವಿಲ್ಲ ಎನ್ನುವವರಿಗೆ ಬಿಲ್ಲಿ ವ್ಯಾಗ್ನರ್ ಉತ್ತರ. ವರ್ಜೀನಿಯಾದ ಬಡತನದಲ್ಲಿ ಬೆಳೆದು, ಡಿವಿಷನ್ 3ರ ಫೆರಮ್ ಕಾಲೇಜಿಗೆ ಆಡಿದ ಈ ಪಿಚರ್, 1993ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. 2025ರಲ್ಲಿ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದರು.

ಕೇಂದ್ರ ಸರ್ಕಾರದ ನೆರವಿಗೆ 'ಫಾಫ್ಸಾ' ಅರ್ಜಿ ಸಲ್ಲಿಸಬೇಕು, ಅದು ಉಚಿತ. ಕಡಿಮೆ ಆದಾಯದ ಕುಟುಂಬಗಳಿಗೆ ಸಿಗುವ ಪೆಲ್ ಅನುದಾನದ ಗರಿಷ್ಠ ಮೊತ್ತ 2025-26ರಲ್ಲಿ 7,395 ಡಾಲರ್. ಇದನ್ನು ಮರಳಿಸಬೇಕಿಲ್ಲ. ಆದರೆ ಭಾರತೀಯ ಕುಟುಂಬಗಳು ಗಮನಿಸಬೇಕಾದ ಅಂಶವೊಂದಿದೆ. ಈ ನೆರವು ಅಮೆರಿಕದ ಪೌರರು, ಗ್ರೀನ್ ಕಾರ್ಡ್ ಹೊಂದಿದವರು ಹಾಗೂ ಕೆಲವು ನಿರ್ದಿಷ್ಟ ವರ್ಗದವರಿಗೆ ಮಾತ್ರ. ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಸಿಗುವುದಿಲ್ಲ. ಅಂಥವರು ಕಾಲೇಜುಗಳೇ ನೀಡುವ ನೆರವನ್ನು ನೆಚ್ಚಬೇಕು.

ಯಾವಾಗ ಏನು?

9ನೇ ತರಗತಿ: ಓದಿಗೆ ಆದ್ಯತೆ. 16 ಮುಖ್ಯ ವಿಷಯಗಳ ಪಟ್ಟಿಯನ್ನು ಶಾಲೆಯ ಸಲಹೆಗಾರರೊಂದಿಗೆ ಕುಳಿತು ನೋಡುವುದು. ಶೋಕೇಸ್‌ಗೆ ಖರ್ಚು ಬೇಡ.

10ನೇ ತರಗತಿ: ಅಳತೆಗಳ ದಾಖಲೆ, ಮೊದಲ ವಿಡಿಯೊ, ಕಾಲೇಜುಗಳ ಪಟ್ಟಿ. ಹತ್ತಿರದ ಕಾಲೇಜು ಪಂದ್ಯಗಳನ್ನು ಹೋಗಿ ನೋಡುವುದು. ಆಟದ ಮಟ್ಟ ಏನೆಂಬುದು ಕಣ್ಣಾರೆ ತಿಳಿಯುತ್ತದೆ.

11ನೇ ತರಗತಿ: ಆಗಸ್ಟ್‌ನಿಂದ ಪತ್ರಗಳು ಬಿರುಸಾಗಬೇಕು. ಆಸಕ್ತಿ ತೋರಿದ ಕೋಚ್ ಇರುವ ಒಂದೆರಡು ಕ್ಯಾಂಪ್‌ಗೆ ಮಾತ್ರ ಖರ್ಚು.

12ನೇ ತರಗತಿ: ಪಟ್ಟಿಯನ್ನು ಡಿವಿಷನ್ 3, ಎನ್‌ಎಐಎ, ಎರಡು ವರ್ಷದ ಕಾಲೇಜುಗಳಿಗೆ ವಿಸ್ತರಿಸುವುದು, ಫಾಫ್ಸಾ ಸಲ್ಲಿಸುವುದು. ಬಾಯಿಮಾತಿನ ಭರವಸೆ ನೆಚ್ಚದೆ, ನೆರವಿನ ಮೊತ್ತವನ್ನು ಬರಹದಲ್ಲಿ ಪಡೆಯುವುದು. ಮೊದಲಿದ್ದ 'ನ್ಯಾಷನಲ್ ಲೆಟರ್ ಆಫ್ ಇಂಟೆಂಟ್' ಪದ್ಧತಿ 2024ರ ಅಕ್ಟೋಬರ್‌ನಲ್ಲಿ ರದ್ದಾಗಿದೆ. ಈಗ ಕಾಲೇಜಿನ ಲಿಖಿತ ನೆರವಿನ ಒಪ್ಪಂದವೇ ಆಧಾರ.

ಒಟ್ಟಿನಲ್ಲಿ ನೆನಪಿಡಬೇಕಾದ ಲೆಕ್ಕ ಸರಳ. ಕೋಚ್ ಹೆಸರು ಹಿಡಿದು ಕರೆಯುವವರೆಗೆ ಪತ್ರ, ವಿಡಿಯೊ, ಓದು. ಕರೆದ ಮೇಲೆ ಪ್ರಯಾಣ. ಈ ಕ್ರಮ ತಲೆಕೆಳಗಾದಾಗಲೇ ಮನೆಯ ಉಳಿತಾಯ ಕರಗುವುದು. ನಾಲ್ಕು ವರ್ಷಗಳ ಕಾಲೇಜು ಶುಲ್ಕಕ್ಕೆ ಬೇಕಾಗುವ ಹಣವನ್ನು ಹದಿನಾರನೇ ವಯಸ್ಸಿನ ಬೇಸಿಗೆಗಳಲ್ಲೇ ಕಳೆದುಕೊಳ್ಳಬಾರದು.